ಸ್ಟಂಪಿಗೆ ಬಡಿದರೂ ನಾಟೌಟ್ ಯಾಕೆ?

ಟಿವಿಯಲ್ಲಿ ಚೆಂಡು ಲೆಗ್ ಸ್ಟಂಪಿಗೆ ತಾಗುವುದು ಕಾಣುತ್ತದೆ. ಆದರೂ 'ಅಂಪೈರ್ಸ್ ಕಾಲ್', ನಾಟೌಟ್. ಔಟ್ ಕೊಡೋಕೆ ಇನ್ನೇನು ಬೇಕಿತ್ತು ಅಂತ ಮನೆಮನೆಯಲ್ಲೂ ಬೈಗುಳ.

2011ರ ಫೆಬ್ರವರಿ 27ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೂ ಇದೇ ಪ್ರಶ್ನೆ ಎದ್ದಿತ್ತು. ವಿಶ್ವಕಪ್‌ನ ಭಾರತ–ಇಂಗ್ಲೆಂಡ್ ಪಂದ್ಯ. ಯುವರಾಜ್ ಸಿಂಗ್ ಎಸೆತ ಇಯಾನ್ ಬೆಲ್ ಪ್ಯಾಡಿಗೆ ಬಡಿಯಿತು. ಅಂಪೈರ್ ನಾಟೌಟ್ ಎಂದರು. ರಿವ್ಯೂನಲ್ಲಿ ಚೆಂಡು ಸ್ಟಂಪಿಗೇ ಹೋಗುತ್ತಿತ್ತು. ಆದರೆ ಬೆಲ್ ಸ್ಟಂಪಿನಿಂದ ಎರಡೂವರೆ ಮೀಟರಿಗಿಂತ ಮುಂದಿದ್ದರು. ಅಷ್ಟು ದೂರವಿದ್ದರೆ ಮೂಲ ತೀರ್ಪನ್ನೇ ಉಳಿಸಿಕೊಳ್ಳಲು ಆಗಿನ ನಿಯಮದಲ್ಲಿ ಅವಕಾಶವಿತ್ತು. ಬೆಲ್ ಬಚಾವಾದರು, ಪಂದ್ಯ 338–338ಕ್ಕೆ ಟೈ ಆಯ್ತು. ಧೋನಿ ಬಹಿರಂಗವಾಗಿಯೇ ಅಸಮಾಧಾನ ಹೇಳಿಕೊಂಡರು. ನಾನೂ ಅವತ್ತು ಆ ನಿಯಮಕ್ಕೆ ಶಾಪ ಹಾಕಿದ್ದೆ.

ಆಗ ನನ್ನ ಎಂಜಿನಿಯರಿಂಗ್ ಲ್ಯಾಬ್ ರೆಕಾರ್ಡ್ ನೆನಪಾಗಬೇಕಿತ್ತು. ಯಾವ ಅಳತೆ ಬರೆದರೂ, ಅದು ಎಷ್ಟು ಹೆಚ್ಚುಕಮ್ಮಿ ಆಗಬಹುದು ಅಂತ ಪಕ್ಕದಲ್ಲಿ ಬರೆಯದಿದ್ದರೆ ಮೇಷ್ಟ್ರು ಸಹಿ ಹಾಕುತ್ತಿರಲಿಲ್ಲ.

ಹಾಕ್-ಐ ಮಾಡುವುದು ಎರಡು ಬೇರೆ ಬೇರೆ ಕೆಲಸ. ಮೈದಾನದ ಸುತ್ತಲಿನ ಕ್ಯಾಮೆರಾಗಳ ಚಿತ್ರಗಳನ್ನು ಹೊಂದಿಸಿ, ಚೆಂಡು ಪ್ಯಾಡಿಗೆ ತಾಗುವವರೆಗಿನ ಹಾದಿಯನ್ನು ಅಳೆಯುತ್ತದೆ. ಪ್ಯಾಡಿನಾಚೆಗಿನದು ಅಳತೆಯಲ್ಲ, ಲೆಕ್ಕ ಹಾಕಿದ ಅಂದಾಜು. ಚೆಂಡು ಆ ಕಡೆ ಹೋಗಲೇ ಇಲ್ಲವಲ್ಲ! ಪುಟಿದ ತಕ್ಷಣ ಪ್ಯಾಡಿಗೆ ಬಡಿದರೆ ಅಳೆಯಲು ಸಿಗುವ ಹಾದಿ ಚಿಕ್ಕದು. ಅಲ್ಲಿಂದ ಸ್ಟಂಪು ದೂರವಿದ್ದಷ್ಟೂ ತಪ್ಪು ದೊಡ್ಡದಾಗಬಹುದು.

ಅದಕ್ಕೇ ಈ ನಿಯಮ: ಅಂಪೈರ್ ನಾಟೌಟ್ ಎಂದಿದ್ದರೆ, ಅದನ್ನು ಬದಲಿಸಲು ಚೆಂಡಿನ ಅರ್ಧದಷ್ಟಾದರೂ ಸ್ಟಂಪಿನ ವಲಯಕ್ಕೆ ಬಡಿಯುವಂತಿರಬೇಕು. ಬರೀ ಅಂಚು ಸವರಿದರೆ ಯಂತ್ರಕ್ಕೂ ಖಾತ್ರಿ ಇಲ್ಲ, ಹಾಗಾಗಿ ಮೈದಾನದ ತೀರ್ಪೇ ನಿಲ್ಲುತ್ತದೆ. ಅದೇ ಎಸೆತಕ್ಕೆ ಅಂಪೈರ್ ಬೆರಳೆತ್ತಿದ್ದರೆ ಔಟ್. ಅನ್ಯಾಯ ಅನ್ನಿಸುವುದು ಇಲ್ಲೇ. ಆದರೆ ಡಿಆರ್‌ಎಸ್ ಬಂದಿದ್ದು ಎದ್ದು ಕಾಣುವ ತಪ್ಪು ತಿದ್ದಲು, ಕೂದಲು ಸೀಳಲು ಅಲ್ಲ. 2021ರಲ್ಲಿ ಅನಿಲ್ ಕುಂಬ್ಳೆ ನೇತೃತ್ವದ ಐಸಿಸಿ ಕ್ರಿಕೆಟ್ ಸಮಿತಿಯೂ ಅಂಪೈರ್ಸ್ ಕಾಲ್ ಉಳಿಯಲಿ ಎಂದಿತು. ಕುಂಬ್ಳೆಯೂ ಎಂಜಿನಿಯರೇ!

ನನ್ನ ತಕರಾರು ಈಗ ನಿಯಮದ ಬಗ್ಗೆ ಅಲ್ಲ, ಚಿತ್ರದ ಬಗ್ಗೆ. ಅಳತೆಯನ್ನೂ ಅಂದಾಜನ್ನೂ ಒಂದೇ ನುಣುಪು ಗೆರೆಯಲ್ಲಿ ತೋರಿಸಿದರೆ ನೋಡುವವರು ಎರಡನ್ನೂ ಸತ್ಯ ಅಂದುಕೊಳ್ಳುತ್ತಾರೆ, ಬೈಗುಳ ಮಾತ್ರ ಅಂಪೈರ್ ಪಾಲಿಗೆ. ಪ್ಯಾಡಿನಾಚೆ ಆ ಗೆರೆ ಅಗಲವಾಗುತ್ತಾ ಹೋಗಲಿ, ಎಷ್ಟು ಹೆಚ್ಚುಕಮ್ಮಿ ಅಂತ ನಮಗೂ ಕಾಣಲಿ. ನಮ್ಮ ಮೇಷ್ಟ್ರಾಗಿದ್ದರೆ ಈಗಿನ ಚಿತ್ರಕ್ಕೆ ಸಹಿ ಹಾಕುತ್ತಿರಲಿಲ್ಲ.