ಬೀಡಿ, ಸಿಗರೇಟು ಮತ್ತು ನಮ್ಮ ಬಾಯಿಯ ಆರೋಗ್ಯ



ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡೆಯಬೇಕು, ಕಾಫಿ ಗಿಡಕ್ಕೆ ಸುಣ್ಣ ಎಷ್ಟು ಹಾಕಬೇಕು ಎಂದು ಬರೆಯುವ ಈ ಪುಟದಲ್ಲಿ ಈ ಸಲ ಹಲ್ಲಿನ ಮಾತು ಬರೆಯುತ್ತಿದ್ದೇವೆ. ಅದಕ್ಕೆ ಕಾರಣವಿದೆ. ನಾವು ಇಪ್ಪತ್ತಾರು ವರ್ಷ ಸಿಗರೇಟು ಸೇದಿದವರು. ಬಿಟ್ಟು ನಾಲ್ಕು ವರ್ಷವಾಯಿತು. ಬಿಡಿಸಿದವರು ಎದೆಯ ಡಾಕ್ಟರಲ್ಲ, ಕಡೂರಿನ ಒಬ್ಬ ಹಲ್ಲಿನ ಡಾಕ್ಟರು.

ಕೆಳದವಡೆಯ ಹಲ್ಲೊಂದು ಅಲುಗಾಡುತ್ತಿತ್ತೆಂದು ಅವರಲ್ಲಿಗೆ ಹೋಗಿದ್ದೆವು. ಹಲ್ಲುಜ್ಜುವಾಗ ವಸಡಿನಲ್ಲಿ ಒಂದು ದಿನವೂ ರಕ್ತ ಬಂದಿಲ್ಲ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆವು. ಅವರು ಎಕ್ಸ್‌ರೇ ನೋಡಿ, “ತೊಂದರೆ ಇರುವುದೇ ಅಲ್ಲಿ ಸ್ವಾಮಿ. ಬರಬೇಕಾಗಿದ್ದ ರಕ್ತ ಬರಲಿಲ್ಲ” ಎಂದರು.

ಅವರು ತಿಳಿಸಿದ್ದು ಹೀಗೆ. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿ ವಸಡು ಕೆಟ್ಟಾಗ ರಕ್ತ ಒಸರುವುದು ಸಹಜ. ಅದು ದೇಹ ಕೊಡುವ ಎಚ್ಚರಿಕೆ. ಹೊಗೆಸೊಪ್ಪಿನ ನಿಕೋಟಿನ್ ವಸಡಿನ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಆದ್ದರಿಂದ ಸೇದುವವರ ವಸಡು ಮೇಲೆ ಗಟ್ಟಿಯಾಗಿ ಕಾಣುತ್ತದೆ; ಒಳಗೆ ಹಲ್ಲನ್ನು ಹಿಡಿದ ಮೂಳೆ ಸವೆಯುತ್ತಾ ಹೋಗುತ್ತದೆ. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವನ್ನು ನಾವೆಲ್ಲ ನೋಡಿದ್ದೇವೆ. ಮೊದಮೊದಲು ಎಲೆ ಹಸಿರಾಗಿಯೇ ಇರುತ್ತದೆ; ಎಲೆ ಹಳದಿಯಾಗಿ ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಕಾಂಡ ಟೊಳ್ಳು. ನಮ್ಮ ಹಲ್ಲಿನ ಕತೆಯೂ ಅದೇ ಆಗಿತ್ತು.

ಕೇಡು ಇಷ್ಟಕ್ಕೇ ನಿಲ್ಲುವುದಿಲ್ಲ. ಹಲ್ಲು ಕಿತ್ತ ಮೇಲೆ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಮಾತ್ರ ಗಾಯ ಮಾಯುತ್ತದೆ. ದಮ್ಮು ಎಳೆದರೆ ಆ ಹೆಪ್ಪು ಕಳಚಿ, ಗುಳಿ ಒಣಗಿ, ಸಹಿಸಲಾಗದ ನೋವು ಬರುತ್ತದೆ. ಕೆನ್ನೆಯ ಒಳಗೆ, ನಾಲಿಗೆಯ ಮೇಲೆ ಬಿಳಿ ಮಚ್ಚೆ ಏಳುವುದುಂಟು. ಇಂಥವುಗಳಲ್ಲಿ ಕೆಲವು ಕ್ಯಾನ್ಸರಿಗೆ ತಿರುಗುತ್ತವೆ. ಬೀಡಿ ಸಿಗರೇಟಿಗಿಂತ ಸೌಮ್ಯ ಎಂಬ ನಂಬಿಕೆ ನಮ್ಮ ಸೀಮೆಯಲ್ಲಿದೆ. ಅದು ತಪ್ಪು. ಬೀಡಿ ಬೇಗ ಆರುತ್ತದೆ. ಆರದಂತೆ ಮತ್ತೆ ಮತ್ತೆ ಬಲವಾಗಿ ಎಳೆಯಬೇಕು. ಗಾತ್ರದಲ್ಲಿ ಸಣ್ಣದಾದರೂ ವಿಷ ಕಡಿಮೆಯಿಲ್ಲ.

ಬೀಡಿ ಬಿಟ್ಟೆನೆಂದು ಎಲೆ-ಅಡಿಕೆ-ಹೊಗೆಸೊಪ್ಪು ಅಥವಾ ಕಡ್ಡಿಪುಡಿ ಹಿಡಿದವರೂ ನಮ್ಮಲ್ಲಿದ್ದಾರೆ. ಅದು ಬಿಟ್ಟಂತಲ್ಲ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ಮೀರಿದವರ ಪೈಕಿ ನೂರಕ್ಕೆ ಸುಮಾರು 9 ಜನ ಹೊಗೆ ಸೇದಿದರೆ, ಹೊಗೆರಹಿತ ತಂಬಾಕು ಬಳಸುವವರು ಸುಮಾರು 16 ಜನ. ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಅಡಿಕೆ ಬೆಳೆದು ಅನ್ನ ಉಣ್ಣುವ ನಮಗೆ ಇದನ್ನು ಬರೆಯುವಾಗ ಕೈ ತಡೆಯುತ್ತದೆ. ತಂಬಾಕಿಲ್ಲದ ಎಲೆ-ಅಡಿಕೆಯೂ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ವರದಿ ಪ್ರಕಟಿಸಿದೆ. ಕೆನ್ನೆಯ ಒಳಭಾಗ ನಾರುಗಟ್ಟಿ ಬಾಯಿ ತೆರೆಯಲಾಗದಂತೆ ಮಾಡುವ ಕಾಯಿಲೆಗೆ ಅಡಿಕೆ ಜಗಿಯುವುದೇ ಮುಖ್ಯ ಕಾರಣ. ಜಗಿಯುವ ಬಾಯಿಗೆ ಹೊಗೆಯೂ ಸೇರಿದರೆ ಅಪಾಯ ಇನ್ನೂ ಹೆಚ್ಚು. ಬೆಳೆಯ ಮೇಲಿನ ಅಭಿಮಾನಕ್ಕಾಗಿ ಮನೆಯವರ ಬಾಯಿಯ ವಿಷಯ ಮುಚ್ಚಿಡುವುದು ಸರಿಯಲ್ಲ.

ಇನ್ನು ಬಿಡುವ ದಾರಿ. ಆ ಡಾಕ್ಟರು ನಮಗೆ ಉಪದೇಶ ಮಾಡಲಿಲ್ಲ. ದಿನಕ್ಕೆ ಎಷ್ಟು ಸೇದುತ್ತೀರಿ, ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಹಚ್ಚುತ್ತೀರಿ ಎಂದು ಕೇಳಿದರು. ಕೈಗೆ ಕನ್ನಡಿ ಕೊಟ್ಟು ನಮ್ಮ ಬಾಯನ್ನು ನಮಗೇ ತೋರಿಸಿದರು. “ಬಿಟ್ಟರೆ ಉಳಿದ ಹಲ್ಲು ಉಳಿಯುವ ದಾರಿಯಿದೆ. ಯಾವ ದಿನ ಬಿಡುತ್ತೀರಿ?” ಎಂದು ತಾರೀಕು ಬರೆಸಿಕೊಂಡರು. ಆ ತಾರೀಕು ಕಳೆದ ನಾಲ್ಕನೆಯ ದಿನ ತಾವೇ ಫೋನು ಮಾಡಿ ವಿಚಾರಿಸಿದರು. ನಮ್ಮನ್ನು ಗಟ್ಟಿಯಾಗಿ ನಿಲ್ಲಿಸಿದ್ದು ಆ ಫೋನು.

ಅನುಭವದಿಂದ ಕಲಿತ ಕೆಲವು ಅಂಶಗಳು:

1. ಸೇದಬೇಕೆಂಬ ತುಡಿತ ಒಮ್ಮೆ ಬಂದರೆ ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತದೆ. ನೀರು ಕುಡಿಯಿರಿ, ತೋಟದಲ್ಲಿ ಒಂದು ಸಾಲು ಸುತ್ತಿ ಬನ್ನಿ. ಮೊದಲ ವಾರ ಕಷ್ಟ. ಮೂರು ನಾಲ್ಕು ವಾರದಲ್ಲಿ ಸಿಡುಕು, ನಿದ್ದೆಗೇಡು ಇಳಿಯುತ್ತವೆ.

2. ನಿಕೋಟಿನ್ ಗಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. 2 ಮಿ.ಗ್ರಾಂ. ಸಾಕೋ 4 ಬೇಕೋ ಎಂಬುದನ್ನು ಡಾಕ್ಟರು ಹೇಳಲಿ. ಹೃದ್ರೋಗಿಗಳು, ಗರ್ಭಿಣಿಯರು ಅವರನ್ನು ಕೇಳದೆ ಬಳಸಬಾರದು. ಅದನ್ನು ಒಂದೇ ಸಮನೆ ಜಗಿಯಬಾರದು; ನಾಲ್ಕಾರು ಸಲ ಜಗಿದು, ಚುರುಗುಟ್ಟಿದೊಡನೆ ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು.

3. ಕಾಫಿ ಬೆಳೆಗಾರರಿಗೆ ಒಂದು ವಿಶೇಷ ಸೂಚನೆ. ಗಮ್ ಹಾಕಿಕೊಳ್ಳುವ ಮೊದಲ ಹದಿನೈದು ನಿಮಿಷ ಕಾಫಿ ಕುಡಿಯಬಾರದು. ಕುಡಿದರೆ ಔಷಧ ಸರಿಯಾಗಿ ಹೀರಿಕೆಯಾಗದು. ಅಲ್ಲದೆ ಹೊಗೆ ಬಿಟ್ಟವರ ದೇಹದಲ್ಲಿ ಕೆಫೀನ್ ಮೊದಲಿಗಿಂತ ಹೆಚ್ಚು ಹೊತ್ತು ಉಳಿಯುತ್ತದೆ. ಎದೆ ಡವಗುಟ್ಟಿದರೆ ಅದು ಸಿಗರೇಟಿನ ಕೊರತೆಯೇ ಆಗಿರಬೇಕಿಲ್ಲ, ಕಾಫಿಯ ಹೆಚ್ಚಳವಿರಬಹುದು. ಲೋಟ ಅರ್ಧ ಮಾಡಿ.

4. ಬಿಟ್ಟ ಕೆಲವು ವಾರಗಳಲ್ಲಿ ವಸಡಿನಿಂದ ರಕ್ತ ಬರಬಹುದು. ಹೆದರಿ ಮತ್ತೆ ಹಚ್ಚಬೇಡಿ. ರಕ್ತಸಂಚಾರ ಮರಳುತ್ತಿದೆ ಎಂದರ್ಥ. ಹಲ್ಲು ಶುಚಿ ಮಾಡಿಸಿ. ಕ್ಯಾನ್ಸರಿನ ಅಪಾಯವೂ ವರ್ಷ ವರ್ಷಕ್ಕೆ ಇಳಿಯುತ್ತದೆ.

5. 1800-11-2356 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿದರೆ ತಂಬಾಕು ಬಿಡಲು ಸಲಹೆ ಕೊಡುತ್ತಾರೆ. ಕನ್ನಡದಲ್ಲಿ ಮಾತನಾಡಬಹುದು.

ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ತಮ್ಮದೇ ಮೂರು ಬೆರಳು ಹೋಗದಷ್ಟು ಕಿರಿದಾದ ಬಾಯಿ — ಇವು ಕಂಡರೆ ಕೊಯ್ಲು ಮುಗಿಯಲಿ ಎಂದು ಕಾಯಬೇಡಿ. ತಾಲ್ಲೂಕು ಆಸ್ಪತ್ರೆಗೆ ಹೋಗಿ ತೋರಿಸಿ.

ಕೊನೆಯದಾಗಿ ನಮ್ಮ ಜವಾಬ್ದಾರಿ. ಅಡಿಕೆ ಕೊಯ್ಲಿನ ದಿನ ಆಳುಗಳಿಗೆ ಬೀಡಿ ಕಟ್ಟು ಕೊಡುವ ಪದ್ಧತಿ ನಮ್ಮ ತೋಟದಲ್ಲೂ ಇತ್ತು. ಉಪಕಾರವೆಂದೇ ತಿಳಿದಿದ್ದೆವು. ಈಗ ಆ ಹಣಕ್ಕೆ ಮಜ್ಜಿಗೆ, ಬಾಳೆಹಣ್ಣು ಕೊಡುತ್ತೇವೆ. ಮೊದಲ ದಿನ ಗೊಣಗಿದರು, ಆದರೆ ಯಾರೂ ಕೆಲಸ ಬಿಡಲಿಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಪ್ರತಿಯೊಬ್ಬ ಸದಸ್ಯರೂ ಇಷ್ಟು ಮಾಡಿದರೆ ಸಾಕು.

ಬಿಡಬೇಕೆಂದಿರುವವರು ಸಂಘದ ಕಚೇರಿಗೆ ಬಂದಾಗ ನಮಗೊಂದು ತಾರೀಕು ಹೇಳಿ ಹೋಗಿ. ನಾಲ್ಕನೆಯ ದಿನ ನಾವೇ ಫೋನು ಮಾಡಿ ವಿಚಾರಿಸುತ್ತೇವೆ.

— ಕಾರ್ಯದರ್ಶಿ