ಕಂಪ್ಯೂಟರ್ ವಿದ್ಯೆಗೆ ಓದೂ ಬೇಕು, ಕೈಕೆಲಸವೂ ಬೇಕು

ನಮ್ಮ ವಾಚನಾಲಯಕ್ಕೆ ಬರುವ ತರುಣ ತರುಣಿಯರಲ್ಲಿ ಕಂಪ್ಯೂಟರ್ ಕಲಿಯುವವರು ಅನೇಕರು. ಪುಸ್ತಕವನ್ನು ಬಾಯಿಪಾಠ ಮಾಡಿ ಪರೀಕ್ಷೆ ಮುಗಿಸುವವರು ಕೆಲವರು. ಓದಿನ ಗೊಡವೆ ಬೇಡ, ಗುಂಡಿ ಒತ್ತಲು ಬಂದರೆ ಸಾಕೆನ್ನುವವರು ಮತ್ತೆ ಕೆಲವರು. ಕೆಲಸಕ್ಕೆ ಸೇರಿದಾಗ ಇಬ್ಬರಿಗೂ ತೊಡಕೇ. ಸಂಬಳದ ಪಟ್ಟಿಯಲ್ಲಿ ಮೊತ್ತ ತಪ್ಪಿದರೆ, ಮೊದಲನೆಯವರಿಗೆ ಎಲ್ಲಿ ಕೈಯಿಡಬೇಕೆಂದು ತಿಳಿಯದು. ಎರಡನೆಯವರಿಗೆ ಮೊತ್ತ ತಪ್ಪಿದೆಯೆಂಬುದೇ ತಿಳಿಯದು. ಬಟವಾಡೆಯ ದಿನ ಮಾತ್ರ ಯಾರಿಗೂ ಕಾಯುವುದಿಲ್ಲ. ಗಿರಣಿಯ ಕಚೇರಿಗಳಲ್ಲಿ ದುಡಿಯುವ ನಾವು ಇದನ್ನು ಚೆನ್ನಾಗಿ ಬಲ್ಲೆವು.

ಈ ವಿಷಯದಲ್ಲಿ ಕಲಿಯತಕ್ಕ ಪಾಠ ನಾವು ನೆಲಸಿರುವ ಊರಿನಲ್ಲೇ ಇದೆ. ಪ್ರಶಾಂತಚಂದ್ರ ಮಹಾಲನೋಬಿಸರು 1931ರಲ್ಲಿ ಸ್ಥಾಪಿಸಿದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಬರಾನಗರದಲ್ಲಿದೆ. ಅಲ್ಲಿ ಸಮರೇಂದ್ರಕುಮಾರ ಮಿತ್ರರು 1953ರಲ್ಲಿ ಹತ್ತು ಅವ್ಯಕ್ತಗಳುಳ್ಳ ಸಮೀಕರಣಗಳನ್ನು ಬಿಡಿಸುವ ಅನಲಾಗ್ ಯಂತ್ರವೊಂದನ್ನು ಕಟ್ಟಿದರು. ಆ ಬಳಿಕ ಇಂಗ್ಲೆಂಡಿನಿಂದ ಎಚ್.ಇ.ಸಿ. 2ಎಂ ಎಂಬ ಯಂತ್ರ ಬಂದಿತು. ಭಾರತದ ಮೊದಲನೆಯ ಡಿಜಿಟಲ್ ಕಂಪ್ಯೂಟರ್ ಅದೇ.

ಅದರ ನೆನಪಿನ ಭಾಗವು ತಿರುಗುವ ಒಂದು ಕಾಂತದ ಪೀಪಾಯಿ. ಹಿಡಿಯುತ್ತಿದ್ದುದು 1024 ಅಂಕಿಗಳನ್ನು ಮಾತ್ರ. ಇಂಥ ಪೀಪಾಯಿಯಲ್ಲಿ ಬೇಕಾದ ಅಂಕಿಯು ಓದುವ ತಲೆಯನ್ನು ದಾಟಿ ಹೋಯಿತೋ, ಮತ್ತೆ ಒಂದು ಸುತ್ತು ಬರುವ ತನಕ ಯಂತ್ರ ಸುಮ್ಮನೆ ಕಾಯಬೇಕು. ಗಣಿತ ಮಾತ್ರ ಬಲ್ಲವನು ಬರೆದ ಲೆಕ್ಕ ಸರಿಯಾಗಿದ್ದರೂ ನಿಧಾನವಾಗುವುದು. ಯಂತ್ರ ತಿರುಗುವ ಬಗೆಯನ್ನು ಕಂಡವನು ಅಂಕಿಗಳನ್ನು ತಕ್ಕ ಸ್ಥಳದಲ್ಲಿಟ್ಟು ಕಾಲವನ್ನು ಉಳಿಸುವನು. ಆದರೆ ಗಣಿತವನ್ನೇ ಅರಿಯದವನಿಗೆ ಇಡುವುದೇನೆಂಬುದೇ ಗೊತ್ತಿಲ್ಲ!

ಹೀಗೆ ಓದೂ ಕೈಕೆಲಸವೂ ಕೂಡಿದುದರ ಫಲವೇನು? ಇದೇ ಸಂಸ್ಥೆಯೂ ಜಾದವಪುರ ವಿಶ್ವವಿದ್ಯಾಲಯವೂ ಸೇರಿ 1966ರಲ್ಲಿ ಐ.ಎಸ್.ಐ.ಜೆ.ಯು.-1 ಎಂಬ ಟ್ರಾನ್ಸಿಸ್ಟರ್ ಕಂಪ್ಯೂಟರನ್ನು ತಾವೇ ಕಟ್ಟಿ ನಡೆಸಿದುವು. ಪರದೇಶದ ಯಂತ್ರವನ್ನು ಬರಿದೆ ಬಳಸುತ್ತ ಕುಳಿತಿದ್ದರೆ ಇದಾಗುತ್ತಿರಲಿಲ್ಲ.

ಇಂದು ಪೀಪಾಯಿಯಿಲ್ಲ; ಆದರೆ ನ್ಯಾಯ ಬದಲಾಗಿಲ್ಲ. ಆದುದರಿಂದ ಎಳೆಯರಿಗೆ ನಮ್ಮದೊಂದು ಸೂಚನೆ. ಮೂವರು ಕೆಲಸಗಾರರ ಹಾಜರಿ, ದಿನಗೂಲಿ, ಕಡಿತಗಳನ್ನು ಬರೆದುಕೊಂಡು ಮೊದಲು ಕಾಗದದ ಮೇಲೆ ಸಂಬಳ ಕಟ್ಟಿರಿ. ಬಳಿಕ ಅದಕ್ಕೆ ಪ್ರೋಗ್ರಾಂ ಬರೆದು ಯಂತ್ರದಿಂದ ಮಾಡಿಸಿರಿ. ಎರಡೂ ಕೂಡಿಬಂದ ಮೇಲೆ ಬೇಕೆಂದೇ ಒಂದು ಹಾಜರಿಯನ್ನು ಖಾಲಿ ಬಿಟ್ಟು ಏನಾಗುವುದೆಂದು ನೋಡಿರಿ. ಯಂತ್ರವು ಅದನ್ನು ಸೊನ್ನೆಯೆಂದು ಎಣಿಸಿದರೆ ಒಬ್ಬ ಬಡವನ ಸಂಬಳ ಹೋದಂತೆ. ಇದನ್ನು ತಡೆಯುವುದು ಹೇಗೆಂದು ಆಗ ಪುಸ್ತಕ ತೆರೆಯಿರಿ. ಓದಿದ್ದು ಮನಸ್ಸಿನಲ್ಲಿ ನಿಲ್ಲುವುದು.

ದೇಶ ಸುತ್ತಬೇಕು, ಕೋಶ ಓದಬೇಕು ಎಂದರು ಹಿರಿಯರು. ದೇಶ ಸುತ್ತಿ ಕಲ್ಕತ್ತೆಗೆ ಬಂದ ನಮಗೆ ಎರಡರ ಬೆಲೆಯೂ ಗೊತ್ತು. ಕೋಶಗಳು ವಾಚನಾಲಯದಲ್ಲಿವೆ, ಕಾಗದ, ಪೆನ್ಸಿಲುಗಳೂ ಇವೆ. ಬನ್ನಿರಿ.