ಊರಿನ ದತ್ತಿನಿಧಿ

ದತ್ತಿಯೆಂಬುದು ನಮಗೆ ಹೊಸ ಮಾತಲ್ಲ. ದೇವಾಲಯದ ನಂದಾದೀಪಕ್ಕೆಂದು ಹೊನ್ನನ್ನು ಕೊಟ್ಟು, ಅದರ ಬಡ್ಡಿಯಿಂದಲೇ ಆ ಸೇವೆ ನಡೆಯತಕ್ಕದ್ದೆಂದು ಕಲ್ಲಿನಲ್ಲಿ ಬರೆಯಿಸಿದ ಶಾಸನಗಳು ಕನ್ನಡನಾಡಿನಲ್ಲಿ ಅನೇಕವಾಗಿವೆ. ಮೂಲಧನವನ್ನು ಮುಟ್ಟದೆ ಅದರ ಉತ್ಪತ್ತಿಯನ್ನು ಮಾತ್ರ ವ್ಯಯಮಾಡುವ ಈ ತತ್ತ್ವವನ್ನೇ ಒಂದು ನಗರದ ಕಷ್ಟಸುಖಗಳಿಗೆ ಅನ್ವಯಿಸಿದ ಪ್ರಯತ್ನವೊಂದು 1914ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಮೊದಲಾಯಿತು.

ದಾನಿಯು ಎಷ್ಟೇ ದೂರದರ್ಶಿಯಾದರೂ ಮುಂದಿನ ಕಾಲವನ್ನು ಕಾಣಲಾರನು. 1790ರಲ್ಲಿ ತೀರಿಕೊಂಡ ಬೆಂಜಮಿನ್ ಫ್ರಾಂಕ್ಲಿನ್ನನು ಬಾಸ್ಟನ್ ಮತ್ತು ಫಿಲಡೆಲ್ಫಿಯಾ ನಗರಗಳಿಗೆ ತಲಾ 1000 ಪೌಂಡುಗಳನ್ನು ಬಿಟ್ಟುಹೋದನು. ಒಡೆಯನ ಕೈಕೆಳಗೆ ಕಸಬು ಕಲಿತ, 25 ವರ್ಷದೊಳಗಿನ, ವಿವಾಹಿತರಾದ ಕುಶಲಕರ್ಮಿಗಳಿಗೆ ಆ ಹಣದಿಂದ ಸಾಲ ಕೊಡಬೇಕೆಂಬುದು ಅವನ ಉಯಿಲು. ಕಾರ್ಖಾನೆಗಳು ಬಂದಮೇಲೆ ಕಸಬು ಕಲಿಯುವ ಆ ಪದ್ಧತಿಯೇ ಕ್ಷೀಣಿಸಿತು. ಸಾಲಕ್ಕೆ ಅರ್ಹರಾದವರು ವಿರಳರಾದರು. ಊರಿನಲ್ಲಿ ಬಡತನವೇನೋ ಇದ್ದೇ ಇತ್ತು. ಆದರೆ ಅದು ಉಯಿಲಿನಲ್ಲಿ ಹೇಳಿದ ಬಡತನವಾಗಿರಲಿಲ್ಲ.

ಕ್ಲೀವ್‌ಲೆಂಡಿನ ಟ್ರಸ್ಟ್ ಕಂಪೆನಿಯೊಂದರ ಅಧ್ಯಕ್ಷನಾಗಿದ್ದ ಫ್ರೆಡರಿಕ್ ಗಾಫನು ಸತ್ತವರ ಈ ಹಿಡಿತವನ್ನು ಸಡಿಲಿಸಲು ಯೋಚಿಸಿದನು. ಅನೇಕರ ದತ್ತಿಗಳು ಒಂದೇ ನಿಧಿಯಾಗಿ ಕೂಡಬೇಕು. ಕಾಲ ಬದಲಾಗಿ ದಾನಿಯ ಉದ್ದೇಶವು ನಿರರ್ಥಕವಾದರೆ ಅದನ್ನು ತಿದ್ದುವ ಅಧಿಕಾರವು ಬದುಕಿರುವವರಿಗಿರಬೇಕು. ಹಣವನ್ನು ಹಂಚುವುದಕ್ಕೆ ಪುರಜನರ ಸಮಿತಿಯೊಂದು ಏರ್ಪಟ್ಟಿತು. ಅದರ ಸದಸ್ಯರೆಲ್ಲರನ್ನೂ ಬ್ಯಾಂಕಿನವರೇ ನೇಮಿಸಲಿಲ್ಲ. ಮೇಯರನಿಗೂ ನ್ಯಾಯಾಧೀಶರಿಗೂ ಆ ಹಕ್ಕಿನಲ್ಲಿ ಪಾಲಿತ್ತು. ನಿಧಿ ಬೆಳೆಯುವುದಕ್ಕೆ ಮೊದಲೇ ಆ ಸಂಸ್ಥೆಯು ಬಡವರ ಪರಿಹಾರ, ಶಾಲೆಗಳು ಮುಂತಾದ ವಿಷಯಗಳಲ್ಲಿ ನಗರದ ಸ್ಥಿತಿಯನ್ನು ಪರೀಕ್ಷಿಸಿ ವರದಿ ಮಾಡಿಸಿತು. ರೋಗವನ್ನರಿಯದೆ ಔಷಧ ಕೊಡಬಾರದಷ್ಟೆ! 1915ರಲ್ಲಿ ಬಾಸ್ಟನ್, ಷಿಕಾಗೋ ನಗರಗಳು ಇದೇ ಮಾರ್ಗವನ್ನು ಹಿಡಿದುವು.

ಈ ಧನವು ಕುಟುಂಬಗಳನ್ನು ಮುಟ್ಟುವುದು ಹೇಗೆ? ಲೆಕ್ಕಕ್ಕಾಗಿ 1,00,000 ಡಾಲರುಗಳ ಮೂಲಧನವೆಂದೂ ನೂರಕ್ಕೆ 5ರಂತೆ ಉತ್ಪತ್ತಿಯೆಂದೂ ಇಟ್ಟುಕೊಳ್ಳೋಣ. ವರ್ಷಕ್ಕೆ 5,000 ಡಾಲರು ಹಂಚಲು ದೊರೆಯುತ್ತದೆ. ಮೂಲವು ಉಳಿದೇ ಇರುತ್ತದೆ. ಇದನ್ನು ಸಾಮಾನ್ಯವಾಗಿ ಮನೆಮನೆಗೆ ಕೊಡುವುದಿಲ್ಲ. ಅನ್ನ, ವಸತಿ, ಶಿಶುಪಾಲನೆ, ವೈದ್ಯ ಇವುಗಳನ್ನು ಒದಗಿಸುವ ಸ್ಥಳೀಯ ಸಂಘಗಳಿಗೆ ಕೊಡುತ್ತಾರೆ. ಕೂಲಿಯಿಂದ ಜೀವಿಸುವ ತಾಯೊಬ್ಬಳು ಎರಡು ವಾರ ಕಾಯಿಲೆ ಮಲಗಿದಳೆನ್ನೋಣ. ಬಾಡಿಗೆ ನಿಲ್ಲುತ್ತದೆ, ಮನೆ ಹೋಗುತ್ತದೆ, ಮನೆಯೊಡನೆ ಮಗುವಿನ ಶಾಲೆಯೂ ತಪ್ಪುತ್ತದೆ. ಮೊದಲನೆಯ ಮೆಟ್ಟಿಲಿನಲ್ಲಿಯೇ ಒಂದು ತಿಂಗಳ ಬಾಡಿಗೆ ದೊರೆತರೆ ಈ ಸರಪಣಿ ಅಲ್ಲಿಯೇ ತುಂಡಾಗುತ್ತದೆ. ಸಕಾಲದಲ್ಲಿ ಬಂದ ಅಲ್ಪ ನೆರವು ತಡವಾಗಿ ಬಂದ ಹೆಚ್ಚಿನ ನೆರವಿಗಿಂತ ಮೇಲು.

ಈ ಏರ್ಪಾಟಿನಲ್ಲಿ ದೋಷಗಳಿಲ್ಲವೆಂದಲ್ಲ. ಬಡ್ಡಿಯಿಂದ ಬರುವ ಹಣ ಮಿತವಾದದ್ದು. ಸರ್ಕಾರದ ಹೊಣೆಯನ್ನು ಅದು ಹೊರಲಾರದು. ಅದಕ್ಕಿಂತ ಗುರುತರವಾದ ಅಪಾಯ ಇನ್ನೊಂದುಂಟು. ಹಂಚುವವರು ಉಳ್ಳವರೇ ಆದರೆ ಅವರ ಕಣ್ಣಿಗೆ ಬಿದ್ದ ಕಷ್ಟಕ್ಕೆ ಮಾತ್ರ ಪರಿಹಾರ ದೊರೆತೀತು. ಸಂಕೋಚದಿಂದ ಕೈಚಾಚದ ಕುಟುಂಬವು ಲೆಕ್ಕದ ಹೊರಗೇ ಉಳಿದೀತು. ಸತ್ತವರ ಹಿಡಿತವನ್ನು ಬಿಡಿಸಿ ಕೆಲವೇ ಜನರ ಹಿಡಿತಕ್ಕೆ ಒಪ್ಪಿಸಿದರೆ ಬಂದ ಲಾಭವೇನು? ನಿಧಿಯು ಊರಿನದೆನಿಸಿಕೊಳ್ಳಬೇಕಾದರೆ, ಅದರ ಲೆಕ್ಕವು ಎಲ್ಲರಿಗೂ ತೆರೆದಿರಬೇಕು. ಕೊಡುವವರು ಕೂತ ಸಭೆಯಲ್ಲಿ ಬೇಡುವವರ ಕೇರಿಯನ್ನು ಬಲ್ಲವರಿಗೂ ಒಂದು ಸ್ಥಾನವಿರಬೇಕು.